ಅಷ್ಟೊಂದು ದೀಪ ಹಾಕಿದರೆ ಮರ ಮಲಗೋದು ಯಾವಾಗ?

ಕಾರ್ತಿಕ ಮಾಸದ ಒಂದು ಸಂಜೆ. ಮಾಗಡಿ ಕಡೆಯ ಒಂದು ಹಳ್ಳಿಮನೆಯ ಜಗಲಿ. ಅಂಗಳದ ತುಳಸಿಕಟ್ಟೆಯ ಮುಂದೆ ಎರಡು ಹಣತೆ ಉರಿಯುತ್ತಿದ್ದವು. ಐದನೇ ತರಗತಿಯ ಮೊಮ್ಮಗ ಮೊಬೈಲನ್ನು ಅಜ್ಜಿಯ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ವಿಡಿಯೊ ತೋರಿಸುತ್ತಿದ್ದ. ಅದನ್ನು ಕಳಿಸಿದವರು ಲಂಡನ್ನಿನಲ್ಲಿರುವ ಅವನ ಚಿಕ್ಕಪ್ಪ. ಅಲ್ಲಿನ ಕ್ಯೂ ಸಸ್ಯೋದ್ಯಾನದಲ್ಲಿ ಚಳಿಗಾಲದ ದೀಪದ ಹಾದಿ. ಮರದ ಬೊಡ್ಡೆಗೆಲ್ಲ ನೀಲಿ ಬೆಳಕು, ಕೊಂಬೆಗಳಿಂದ ಇಳಿಬಿದ್ದ ಸಾವಿರಾರು ಪುಟ್ಟ ಬಲ್ಬು, ಕೆರೆಯ ನೀರಿನಲ್ಲಿ ಕುಣಿಯುವ ಗಾಜಿನ ಮನೆಯ ನೆರಳು, ನಡುವೆ ಟೋಪಿ ಹಾಕಿಕೊಂಡು ಬಾಯಿಯಿಂದ ಹಬೆ ಬಿಡುತ್ತಾ ನಡೆಯುವ ಜನ.

ಅಜ್ಜಿ ಪೂರ್ತಿ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಕೇಳಿದರು: “ಚೆಂದಾಗೈತೆ ಮಗಾ. ಆದ್ರೆ ಅಷ್ಟೊಂದು ದೀಪ ಹಾಕಿದ್ರೆ ಮರ ಮಲಗೋದು ಯಾವಾಗ?”

ಹುಡುಗ ಬಿದ್ದು ಬಿದ್ದು ನಕ್ಕ. ಅವನ ತಲೆಯಲ್ಲಿ ಆಗಲೇ ಬೇರೆ ಯೋಜನೆ ಓಡುತ್ತಿತ್ತು. ದೀಪಾವಳಿಗೆ ತಂದಿದ್ದ ಎರಡು ಸೀರಿಯಲ್ ಸೆಟ್ ಅಟ್ಟದ ಮೇಲಿದ್ದವು. ಅವನ್ನು ಹಿತ್ತಲ ನೆಲ್ಲಿ ಮರಕ್ಕೆ ಸುತ್ತಬೇಕು, ಉಳಿದದ್ದನ್ನು ಚಪ್ಪರದವರೆ ಬಳ್ಳಿಯ ಮೇಲೆ ಹರಡಬೇಕು, ಸಂಕ್ರಾಂತಿಯವರೆಗೆ ರಾತ್ರಿಯಿಡೀ ಉರಿಸಬೇಕು, ಊರ ಮಕ್ಕಳನ್ನೆಲ್ಲ ಕರೆದು ತೋರಿಸಬೇಕು. “ನಮ್ಮದೂ ಲೈಟ್ ತೋಟ ಆಗುತ್ತೆ ಅಜ್ಜಿ!”

ಅಲ್ಲೇ ಕಾಫಿ ಲೋಟ ಹಿಡಿದು ಕೂತಿದ್ದ ನನಗೂ ಮೊದಲು ನಗುವೇ ಬಂತು. ಆದರೆ ಅಜ್ಜಿಯ ಪ್ರಶ್ನೆ ಮನೆಗೆ ಬಂದರೂ ಬಿಡಲಿಲ್ಲ. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು, ತುಳಸಿ ಕೀಳಬಾರದು, ಮರ ಮಲಗಿರುತ್ತದೆ ಎಂದು ನಮ್ಮ ಮನೆಗಳಲ್ಲಿ ಎಷ್ಟು ತಲೆಮಾರಿನಿಂದ ಹೇಳುತ್ತಿದ್ದಾರೆ! ಮರ ನಿಜವಾಗಿ ಮಲಗುತ್ತದೆಯೇ? ಬೆಳಕು ಬಿದ್ದರೆ ಅದಕ್ಕೆ ಗೊತ್ತಾಗುತ್ತದೆಯೇ?

ಮೊದಲು ಲಂಡನ್ನಿನ ಮಾತು ಮುಗಿಸಿಬಿಡೋಣ. ಕ್ಯೂ ಬಹಳ ಹಳೆಯ ತೋಟ. 1759ರಲ್ಲಿ ಶುರುವಾದದ್ದು. ಅಲ್ಲಿ ಕ್ರಿಸ್‌ಮಸ್ ಕಾಲದ ದೀಪದ ಹಾದಿ ಆರಂಭವಾದದ್ದು ಮಾತ್ರ ಮೊನ್ನೆ ಮೊನ್ನೆ, 2013ರಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಷ್ಟು ಗಂಟೆಗೆ ಗೊತ್ತೇ? ಮಧ್ಯಾಹ್ನ ನಾಲ್ಕಕ್ಕೂ ಮುಂಚೆ! ನಮ್ಮಲ್ಲಿ ಶಾಲೆಯ ಕೊನೆಯ ಗಂಟೆ ಹೊಡೆಯುವ ಹೊತ್ತಿಗೆ ಅಲ್ಲಿ ಕತ್ತಲು. ಇಡೀ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಅಂಥ ಊರಲ್ಲಿ ಜನ ದೀಪ ಹುಡುಕಿಕೊಂಡು ಹೋಗುವುದು ಸಹಜ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಆ ಕಾಲಕ್ಕೆ ಅಲ್ಲಿನ ಎಷ್ಟೋ ಮರಗಳು ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಂತಿರುತ್ತವೆ. ಚಳಿ ಕಳೆಯುವವರೆಗೆ ಅವು ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ನಮ್ಮ ಕಾರ್ತಿಕದಲ್ಲಿ ಹಾಗಲ್ಲ. ಹೊಲದಲ್ಲಿ ಅವರೆ ಹೂ ಬಿಟ್ಟಿರುತ್ತದೆ, ತುಳಸಿಯ ತುಂಬ ಕದಿರು, ನೆಲ್ಲಿ ಮರದಲ್ಲಿ ಕಾಯಿ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕ್ಯೂ ತೋಟಕ್ಕೂ ನಮ್ಮ ಸೀಮೆಗೂ ನಂಟಿಲ್ಲ ಅಂದುಕೊಳ್ಳಬೇಡಿ. ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಶುರು ಮಾಡಿಸಿದವನು ಹೈದರಾಲಿ. ಆದರೆ ಮುಂದೆ ಅಲ್ಲಿ ಗಾಜಿನ ಮನೆ ಎದ್ದ ಕಾಲದಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್ ಬಂದದ್ದು ಕ್ಯೂನಿಂದ. ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದವರೇ. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಹೂ ಬಿಡಬೇಕು, ವರ್ಷವಿಡೀ ಊರಲ್ಲಿ ಬಣ್ಣ ಇರಬೇಕು ಎಂದು ಲೆಕ್ಕ ಹಾಕಿ ಮರ ನೆಡಿಸಿದವರು ಅವರು. ಬಲ್ಬಿಲ್ಲದೆ ಊರನ್ನು ಬೆಳಗಿಸುವ ಉಪಾಯ ಅದು! ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಆ ವಂಶದವರು ಬೆಂಗಳೂರು ಕೈಬಿಟ್ಟ ಮೇಲೆ ಬಂದು ನೆಲೆಸಿದ್ದು ನಮ್ಮ ಮಾಗಡಿಯಲ್ಲಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಜನವರಿಯಲ್ಲೂ ಆಗಸ್ಟಿನಲ್ಲೂ ನಡೆಯುತ್ತದೆ. ಎರಡೂ ಹಗಲಿನ ಸಂಭ್ರಮ. ಸಂಜೆಯಾದರೆ ತೋಟದ ಬಾಗಿಲು ಹಾಕುತ್ತಾರೆ.

ಹಾಗಾದರೆ ನಮ್ಮಲ್ಲಿ ಗಿಡಮರಗಳ ನಡುವೆ ಚಳಿಗಾಲದ ದೀಪದ ಹಬ್ಬವೇ ಇಲ್ಲವೇ? ಇದೆ. ಅದಕ್ಕೆ ಟಿಕೆಟ್ ಇಲ್ಲ ಅಷ್ಟೆ.

ನೆಲ್ಲಿಕಾಯಿಯ ದೀಪ

ಕಾರ್ತಿಕ ಶುದ್ಧ ದ್ವಾದಶಿ, ಉತ್ಥಾನ ದ್ವಾದಶಿ, ತುಳಸಿ ಹಬ್ಬ. ಅವತ್ತು ಸಂಜೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಿನ ಬೀದಿಯಲ್ಲಿ ನಡೆದರೂ ಮನೆಮನೆಯ ಮುಂದೆ ದೀಪ ಕಾಣುತ್ತದೆ. ತುಳಸಿಯ ಪಕ್ಕ ಕಾಯಿ ಸಮೇತ ನೆಲ್ಲಿಯ ಕೊಂಬೆ ನೆಟ್ಟಿರುತ್ತಾರೆ. ನೆಲ್ಲಿಕಾಯಿಯ ನೆತ್ತಿಯನ್ನು ಸ್ವಲ್ಪ ಕೊರೆದು, ಅದರಲ್ಲಿ ತುಪ್ಪ ತುಂಬಿ, ಹೂಬತ್ತಿ ಇಟ್ಟು ಹಚ್ಚುತ್ತಾರೆ. ಕಾಯಿಯೇ ಹಣತೆ! ಹಚ್ಚಿ ನೋಡಿದ್ದೀರಾ ಮಕ್ಕಳೇ? ದೀಪ ಆರುವ ಹೊತ್ತಿಗೆ ಕಾಯಿಯ ಅಂಚು ಬಾಡಿ ಒಂದು ಬಗೆಯ ಹುಳಿವಾಸನೆ ಬರುತ್ತದೆ. ನನಗೆ ಕಾರ್ತಿಕ ಅಂದರೆ ಆ ವಾಸನೆಯೇ. ಶಿವನ ಗುಡಿಗಳಲ್ಲಿ ಕಾರ್ತಿಕ ಸೋಮವಾರದ ದೀಪೋತ್ಸವ ಬೇರೆ. ಮೆಟ್ಟಿಲ ಮೇಲೆ, ಪ್ರಾಕಾರದ ಗೋಡೆಯ ಮೇಲೆ, ಅರಳಿಕಟ್ಟೆಯ ಸುತ್ತ ಸಾಲು ಹಣತೆ.

ಈ ದೀಪಗಳಲ್ಲಿ ಉರಿಯುತ್ತಿದ್ದುದಾದರೂ ಏನು? ಎಲ್ಲವೂ ಗಿಡಮರದ್ದೇ. ಹರಳೆಣ್ಣೆ, ಎಳ್ಳೆಣ್ಣೆ, ಹೊಂಗೆಣ್ಣೆ, ಹಿಪ್ಪೆ ಎಣ್ಣೆ; ಬತ್ತಿ ಹತ್ತಿಯದು. ಹೊಲದ ಬದುವಿನ ಹೊಂಗೆ ಮರದಡಿ ಬಿದ್ದ ಕಾಯಿ ಆಯ್ದು, ಕುಟ್ಟಿ ಬೀಜ ಬೇರೆ ಮಾಡಿ, ಗಾಣಕ್ಕೆ ಕೊಟ್ಟು ಎಣ್ಣೆ ತಂದ ನೆನಪು ಇದನ್ನು ಓದುತ್ತಿರುವ ಕೆಲವು ತಾತಂದಿರಿಗಾದರೂ ಇರುತ್ತದೆ.

ಕರೆಂಟು ನಮ್ಮ ಸೀಮೆಯ ಮೇಲೆ ಹಾದುಹೋದದ್ದು ಬಹಳ ಮುಂಚೆ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಆಗ ಕಾನಕಾನಹಳ್ಳಿ ಎನ್ನುತ್ತಿದ್ದ ಈಗಿನ ಕನಕಪುರದ ಸೀಮೆ ದಾಟಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಲೆಯ ಮೇಲೆ ತಂತಿ, ಕೆಳಗಿನ ಹಳ್ಳಿಗಳಲ್ಲಿ ಮತ್ತೆ ಹಲವು ದಶಕ ಬುಡ್ಡಿದೀಪ! ಕತ್ತಲೆ ಎಂದರೆ ಏನೆಂದು ಬಲ್ಲ ಕೊನೆಯ ತಲೆಮಾರು ಇಂದಿನ ಅಜ್ಜಿ–ತಾತಂದಿರದ್ದು. ಹಾಗಾಗಿ ಮರದ ನಿದ್ದೆಯ ಪ್ರಶ್ನೆ ಮೊಮ್ಮಗನಿಗೆ ಹೊಳೆಯದೆ ಅಜ್ಜಿಗೆ ಹೊಳೆದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಕತ್ತಲೆಯಲ್ಲೂ ಗಂಟೆ ತಪ್ಪದ ಗಿಡ

ಈಗ ನಿದ್ದೆಯ ವಿಷಯ. ಸಂಜೆ ಏಳಕ್ಕೆ ಹುಣಸೆ ಮರದ ಕೆಳಗೆ ನಿಂತು ಟಾರ್ಚ್ ಬಿಟ್ಟು ನೋಡಿ. ಹಗಲಲ್ಲಿ ಬಿಡಿಸಿಕೊಂಡಿದ್ದ ಪುಟ್ಟ ಎಲೆಗಳೆಲ್ಲ ಜೋಡಿ ಜೋಡಿಯಾಗಿ ಮುಚ್ಚಿಕೊಂಡಿರುತ್ತವೆ. ಮಳೆಮರವೂ ಹಾಗೆಯೇ. ಬೇಲಿಯ ಚಗಚೆ, ಹಿತ್ತಲಲ್ಲಿ ತಾನೇ ಹುಟ್ಟುವ ಕಿರುನೆಲ್ಲಿ, ಮುಟ್ಟಿದರೆ ಮುನಿ, ಇವೆಲ್ಲ ಎಲೆ ಮಡಚಿ ಮಲಗುವ ಜಾತಿಯವು.

ಬೆಳಕು ಹೋದದ್ದರಿಂದ ಮಡಚಿಕೊಂಡವು ಎನ್ನುತ್ತೀರಿ. ಫ್ರಾನ್ಸಿನ ಡಿ ಮೆರಾನ್ ಎಂಬ ಖಗೋಳ ವಿಜ್ಞಾನಿಗೆ ಇದರ ಮೇಲೆ ಅನುಮಾನ ಬಂತು. 1729ರಲ್ಲಿ ಅವರು ಮುಟ್ಟಿದರೆ ಮುನಿಯ ಜಾತಿಯ ಒಂದು ಗಿಡವನ್ನು ಹಗಲೂ ರಾತ್ರಿ ಕತ್ತಲೆ ಜಾಗದಲ್ಲಿಟ್ಟರು. ಸೂರ್ಯನ ಸುಳಿವೇ ಇಲ್ಲ. ಆದರೂ ಬೆಳಗಾದಾಗ ಎಲೆ ತೆರೆಯಿತು, ಸಂಜೆಯಾದಾಗ ಮುಚ್ಚಿತು! ಅಂದರೆ ಗಿಡದ ಒಳಗೇ ಒಂದು ಗಡಿಯಾರ ಇದೆ. ಹೊರಗಿನ ಬೆಳಕು–ಕತ್ತಲೆ ಆ ಗಡಿಯಾರದ ಮುಳ್ಳನ್ನು ದಿನಾ ಸರಿಮಾಡುತ್ತದೆ, ಅಷ್ಟೇ.

ದೊಡ್ಡ ಮರಗಳ ಕಥೆ? 2016ರಲ್ಲಿ ಯುರೋಪಿನ ವಿಜ್ಞಾನಿಗಳು ಬರ್ಚ್ ಎಂಬ ಮರವನ್ನು ರಾತ್ರಿಯಿಡೀ ಲೇಸರಿನಿಂದ ಅಳೆದರು. ಕತ್ತಲಾದಂತೆ ಎಲೆ, ಕೊಂಬೆಗಳು ಮೆಲ್ಲಗೆ ಇಳಿಬಿದ್ದವು. ಸುಮಾರು ಐದು ಮೀಟರ್ ಎತ್ತರದ ಮರದಲ್ಲಿ ಹತ್ತು ಸೆಂಟಿಮೀಟರಿನವರೆಗೂ ಇಳಿದಿದ್ದವು. ಬೆಳಗಾಗುತ್ತಾ ಮತ್ತೆ ಮೇಲೆದ್ದವು. ನಾವು ಮಲಗುವಂಥ ನಿದ್ದೆ ಅದಲ್ಲ; ಮರಕ್ಕೆ ಮಿದುಳಿಲ್ಲ, ಕನಸಿಲ್ಲ. ಆದರೂ ಅಜ್ಜಿಯ ಮಾತನ್ನು ತೆಗೆದುಹಾಕುವ ಹಾಗಿಲ್ಲ ಅಲ್ಲವೇ?

ಮಾಗಡಿ ಅವರೆಕಾಯಿಯ ಗುಟ್ಟು

ನಿದ್ದೆಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅದು ನಮ್ಮ ಹೊಟ್ಟೆಗೆ ಸಂಬಂಧಿಸಿದ್ದು.

ಮಾಗಡಿ ಅವರೆಕಾಯಿಯ ಹೆಸರು ಕೇಳದವರು ಯಾರು? ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಸಂತೆಗಳಲ್ಲಿ ಅದರ ರಾಶಿ. ಮೂಸಿದರೆ ಸೊಗಡು, ಕೈಗೆಲ್ಲ ಅಂಟು. ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಮೊರದ ಸುತ್ತ ಕೂತು ಸುಲಿಯಬೇಕು, ನೆನೆಹಾಕಿ ಬೆಳಿಗ್ಗೆ ಹಿತಕಬೇಕು. ಹಿತಕಿದ ಬೇಳೆ ಸಾರು, ರಾಗಿ ಮುದ್ದೆ. (ಬರೆಯುವಾಗಲೇ ಬಾಯಲ್ಲಿ ನೀರು!) ಮುಂಗಾರಿನಲ್ಲಿ ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ ಅದು. ಬಿತ್ತನೆ ಹದಿನೈದು ದಿನ ಹಿಂದುಮುಂದಾದರೂ ಹಳೆಯ ಸೊಗಡವರೆ ಹೂ ಬಿಡುವುದು ಹೆಚ್ಚುಕಡಿಮೆ ಅದೇ ಕಾಲಕ್ಕೆ, ಮಳೆಗಾಲ ಮುಗಿದು ಇಬ್ಬನಿ ಬೀಳುವ ಹೊತ್ತಿಗೆ. ಅದಕ್ಕೆ ಹೇಗೆ ಗೊತ್ತು? ಪಂಚಾಂಗ ನೋಡುತ್ತದೆಯೇ?

ನೋಡುತ್ತದೆ. ಅದರ ಪಂಚಾಂಗ ಕತ್ತಲೆ.

ನಮ್ಮ ಸೀಮೆಯಲ್ಲಿ ಜೂನ್ 21ರ ಸುಮಾರಿಗೆ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರ್ 21ರ ಸುಮಾರಿಗೆ ಹನ್ನೊಂದೂವರೆ ಗಂಟೆಗೆ ಸ್ವಲ್ಪ ಕಡಿಮೆ. ಆರು ತಿಂಗಳಲ್ಲಿ ಒಟ್ಟು ವ್ಯತ್ಯಾಸ ಒಂದೂವರೆ ಗಂಟೆ. ಗಡಿಯಾರ ನೋಡದಿದ್ದರೆ ನಮಗೆ ನಿಮಗೆ ಅದು ತಿಳಿಯುವುದೇ ಇಲ್ಲ. ಅವರೆ ಬಳ್ಳಿಗೆ ತಿಳಿಯುತ್ತದೆ. ಮಳೆ ಒಂದು ವರ್ಷ ಬೇಗ ಬರುತ್ತದೆ, ಒಂದು ವರ್ಷ ತಡವಾಗಿ, ಚಳಿಯೂ ಹಾಗೆಯೇ. ರಾತ್ರಿಯ ಉದ್ದ ಮಾತ್ರ ಪ್ರತಿವರ್ಷ ಅದೇ ದಿನಕ್ಕೆ ಅಷ್ಟೇ. ಅದಕ್ಕಿಂತ ನಂಬಿಕೆಯ ಪಂಚಾಂಗ ಯಾವುದಿದೆ?

ಗಿಡಗಳ ಈ ಲೆಕ್ಕವನ್ನು ಮೊದಲು ಸರಿಯಾಗಿ ಬಿಡಿಸಿದವರು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು. ಅವರ ಬಳಿ ಒಂದು ತಳಿಯ ಹೊಗೆಸೊಪ್ಪಿತ್ತು. ಬೇಸಿಗೆಯಲ್ಲಿ ಆಳೆತ್ತರ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗಿಟ್ಟರೆ ಹೂ ಬಿಡುತ್ತಿತ್ತು. ಗೊಬ್ಬರ, ನೀರು, ಬಿಸಿಲು ಎಲ್ಲ ಬದಲಿಸಿ ನೋಡಿದರು. ಕೊನೆಗೆ ಬೇಸಿಗೆಯಲ್ಲೇ ದಿನಾ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕುಂಡಗಳನ್ನು ಕತ್ತಲೆ ಗೂಡಿಗೆ ಸೇರಿಸಿ, ಬೆಳಿಗ್ಗೆ ಹೊರಗಿಟ್ಟರು. ಹೂ ಬಂತು! ಇದನ್ನು ಅವರು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಇನ್ನಿಬ್ಬರು ವಿಜ್ಞಾನಿಗಳು ಮತ್ತೊಂದು ಗಿಡದಲ್ಲಿ ನೋಡಿದ್ದು ಇನ್ನೂ ವಿಚಿತ್ರ. ಆ ಗಿಡ ಎಣಿಸುವುದು ಹಗಲನ್ನಲ್ಲ, ರಾತ್ರಿಯನ್ನು. ಉದ್ದವಾದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಾಕಿ ಆರಿಸಿದರೂ ಸಾಕು, ಅದರ ಲೆಕ್ಕ ಮುರಿದುಬೀಳುತ್ತದೆ. ಒಂದು ಉದ್ದ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿ ಅದಕ್ಕೆ ಕಾಣುತ್ತದೆ. ಎಲೆಯೊಳಗಿನ ಫೈಟೋಕ್ರೋಮ್ ಎಂಬ ವಸ್ತು ಈ ಬೆಳಕನ್ನು ಹಿಡಿಯುವ ಕಣ್ಣು. ಅದರಲ್ಲೂ ಕೆಂಪು ಬೆಳಕು ಕಂಡರೆ ಅದು ಬೇಗ ಎಚ್ಚರಗೊಳ್ಳುತ್ತದೆ.

ಎಲ್ಲ ಗಿಡವೂ ಹೀಗೆ ಎಣಿಸುವುದಿಲ್ಲ. ಟೊಮೆಟೊಗೆ ಇದರ ಗೊಡವೆಯಿಲ್ಲ. ಅವರೆಯಲ್ಲೂ ಹೊಸ ತಳಿಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೊರತಂದ ‘ಹೆಬ್ಬಾಳ ಅವರೆ’ ತಳಿಗಳು ರಾತ್ರಿಯ ಲೆಕ್ಕ ಮರೆತವು. ಯಾವ ತಿಂಗಳು ಬಿತ್ತಿದರೂ ಹೂ ಬಿಡುತ್ತವೆ. ಬೇಸಿಗೆಯಲ್ಲೂ ಅವರೆಕಾಯಿ ಸಿಗುವುದು ಅದರಿಂದಲೇ. ರೈತರಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಸೊಗಡು? ನಮ್ಮ ಅಜ್ಜಿಯನ್ನು ಕೇಳಿದರೆ ಮೂಗು ಮುರಿಯುತ್ತಾರೆ.

ಹೊಲದ ತುಂಬ ಬಲ್ಬು

ಬೆಳಕಿನಿಂದ ಗಿಡದ ಲೆಕ್ಕ ತಪ್ಪುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಬೇಕಿಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೋದರೆ ಕಣ್ಣಾರೆ ಕಾಣಬಹುದು. ಸುತ್ತ ಗಾಢ ಕತ್ತಲೆ, ನಡುವೆ ಇಡೀ ಹೊಲ ನಕ್ಷತ್ರ ಇಳಿದುಬಂದಂತೆ ಮಿನುಗುತ್ತಿರುತ್ತದೆ. ಸಾಲು ಸಾಲು ಗೂಟ, ತಂತಿ, ತಂತಿಯಲ್ಲಿ ಜೋತ ಬಲ್ಬು. ಮದುವೆಯಲ್ಲ, ಜಾತ್ರೆಯಲ್ಲ. ಅದು ಸೇವಂತಿಗೆ ತೋಟ!

ಸೇವಂತಿಗೆಯೂ ಅವರೆಯ ಹಾಗೆ. ರಾತ್ರಿ ಉದ್ದವಾದರೆ ಮೊಗ್ಗು ಕಟ್ಟುತ್ತದೆ. ಸಸಿ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಬಂದುಬಿಟ್ಟರೆ ರೈತನಿಗೆ ನಷ್ಟ. ಆದ್ದರಿಂದ ನಾಟಿ ಮಾಡಿದ ಮೊದಲ ಕೆಲವು ವಾರ ರಾತ್ರಿ ಕೆಲವು ಗಂಟೆ ದೀಪ ಉರಿಸುತ್ತಾರೆ. ಗಿಡ ಇನ್ನೂ ಬೇಸಿಗೆಯೇ ಇದೆ ಎಂದು ನಂಬಿ ಎತ್ತರಕ್ಕೆ, ಪೊದೆಯಾಗಿ ಬೆಳೆಯುತ್ತದೆ. ಸಾಕಷ್ಟು ಬೆಳೆದ ಮೇಲೆ ದೀಪ ಆರಿಸುತ್ತಾರೆ. ‘ಓಹೋ, ಚಳಿಗಾಲ ಬಂತು’ ಎಂದು ಗಿಡಕ್ಕೆ ಗಾಬರಿ. ಇಡೀ ಹೊಲ ಒಟ್ಟಿಗೆ ಮೊಗ್ಗಾಗುತ್ತದೆ. ಹಬ್ಬದ ಸಂತೆಗೆ ಸರಿಯಾಗಿ ಹೂ ಕೊಯ್ಲಿಗೆ ಬರುವಂತೆ ಲೆಕ್ಕ ಹಾಕಬಹುದು.

ನನಗೆ ಇದರಲ್ಲಿ ಇಷ್ಟವಾದ ಸಂಗತಿ ಒಂದೇ. ಅಲ್ಲಿ ಹೂವು ಬರುವುದು ದೀಪ ಹಾಕಿದಾಗಲ್ಲ, ದೀಪ ಆರಿಸಿದಾಗ.

ರಾಮನಗರದವರಿಗೆ ಈ ಬೆಳಕು–ಕತ್ತಲೆಯ ಆಟ ಹೊಸದೇನೂ ಅಲ್ಲ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರು ದೇಶಕ್ಕೇ ಗೊತ್ತು. ಹುಳು ಸಾಕುವ ಮನೆಯವರನ್ನು ಕೇಳಿ. ರೇಷ್ಮೆ ಮೊಟ್ಟೆಯ ಮೇಲೆ ನೀಲಿ ಚುಕ್ಕೆ ಕಂಡಿತೆಂದರೆ ಇನ್ನೆರಡು ದಿನದಲ್ಲಿ ಮರಿ ಬರುತ್ತದೆ ಎಂದರ್ಥ. ಆಗ ಮೊಟ್ಟೆ ಹಾಳೆಯನ್ನು ಕಪ್ಪು ಕಾಗದದಲ್ಲೋ ಕಪ್ಪು ಬಟ್ಟೆಯಲ್ಲೋ ಸುತ್ತಿ ಕತ್ತಲೆಯಲ್ಲಿಡುತ್ತಾರೆ. ಬೇಗ ಬಲಿತ ಮೊಟ್ಟೆ ತಡೆದು ನಿಲ್ಲುತ್ತದೆ, ಹಿಂದುಳಿದದ್ದು ಬಂದು ಸೇರಿಕೊಳ್ಳುತ್ತದೆ. ಚಾಕಿ ಕಟ್ಟುವ ದಿನ ಬೆಳಿಗ್ಗೆ ಬೆಳಕಿಗೆ ಬಿಚ್ಚಿದರೆ ಕೆಲವೇ ಗಂಟೆಯಲ್ಲಿ ಮರಿಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಒಟ್ಟಿಗೆ ಬಂದರೆ ಒಟ್ಟಿಗೆ ಜ್ವರಕ್ಕೆ ಕೂರುತ್ತವೆ, ಒಟ್ಟಿಗೆ ಹಣ್ಣಾಗುತ್ತವೆ, ಒಟ್ಟಿಗೆ ಗೂಡು ಕಟ್ಟುತ್ತವೆ. ಒಂದು ಮಸಿ ಬಣ್ಣದ ಬಟ್ಟೆಯ ಬೆಲೆ ಏನೆಂದು ಅವರಿಗೆ ಗೊತ್ತು.

ಇನ್ನು ಹಿಪ್ಪೆ. ಗುಡಿಯ ದೀಪಕ್ಕೆ ಎಣ್ಣೆ ಕೊಡುವ ಈ ಮರದ ಹೂವಿಗೆ ಬಾವಲಿಗಳು ಬರುವುದು ರಾತ್ರಿ. ಸಿಹಿಯಾದ ದಪ್ಪ ಎಸಳು ತಿನ್ನುತ್ತಾ ಒಂದು ಮರದಿಂದ ಇನ್ನೊಂದಕ್ಕೆ ಹಾರುವಾಗ ಪರಾಗವನ್ನೂ ಹೊತ್ತೊಯ್ಯುತ್ತವೆ. ಮುಂದೆ ಹಣ್ಣು ತಿಂದು ಬೀಜವನ್ನು ದೂರ ಉದುರಿಸುವವೂ ಅವೇ. ಬಾವಲಿಗಳಲ್ಲಿ ಅನೇಕ ಜಾತಿಗಳಿಗೆ ಪ್ರಖರ ಬೆಳಕೆಂದರೆ ಆಗದು. ದೀಪದ ಎಣ್ಣೆ ಹುಟ್ಟುವುದು ಕತ್ತಲಲ್ಲಿ ಎಂದರೆ ಒಗಟಿನಂತೆ ಕೇಳುತ್ತದೆ, ಆದರೆ ನಿಜ. ‘ಶೋಲೆ’ ಚಿತ್ರದಿಂದ ಹೆಸರಾದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಿಸಿದರು. ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳ ಮನೆ ಅದು. ಆ ಬೆಟ್ಟಕ್ಕೆ ಬಣ್ಣದ ದೀಪ ಬಿಟ್ಟರೆ ಎಷ್ಟು ಚೆಂದ ಎಂದು ಯಾರಾದರೂ ನಿಮ್ಮ ಮುಂದೆ ಹೇಳಿದರೆ, ಅಲ್ಲಿ ಮಲಗಿರುವವರು ಯಾರು ಎಂದು ನೆನಪಿಸಿ.

ಸೀರಿಯಲ್ ಸೆಟ್ ಎಲ್ಲಿ ಹೋಯಿತು?

ಇಷ್ಟೆಲ್ಲ ಗೊತ್ತು ಮಾಡಿಕೊಂಡು ಮುಂದಿನ ಭಾನುವಾರ ಮತ್ತೆ ಆ ಮನೆಗೆ ಹೋದೆ. ಹುಡುಗ ಸೀರಿಯಲ್ ಸೆಟ್ ಬಿಡಿಸಿ, ಕೆಟ್ಟ ಬಲ್ಬು ಹುಡುಕುತ್ತಾ ಕೂತಿದ್ದ. ನಾನು ಸೇವಂತಿಗೆ ಹೊಲದ ಕಥೆ ಹೇಳಿದೆ, ಫೋಟೊ ತೋರಿಸಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಚಪ್ಪರದವರೆ ನೋಡಿಕೊಂಡು ಬಂದ.

“ಅಜ್ಜಿ, ಬೀದಿದೀಪದ ಕಡೆ ಇರೋ ಬಳ್ಳಿಯಲ್ಲಿ ಹೂವೇ ಇಲ್ಲ. ಈ ಕಡೆ ತುಂಬಾ ಐತೆ.”

“ನಾನು ಯಾರೋ ಕಣ್ಣು ಹಾಕವ್ರೆ ಅಂದ್ಕೊಂಡಿದ್ದೆ,” ಎಂದರು ಅಜ್ಜಿ.

ಒಂದು ಬಳ್ಳಿ ನೋಡಿ ತೀರ್ಮಾನ ಮಾಡುವುದು ವಿಜ್ಞಾನವಲ್ಲ. ಆ ಕಡೆ ನೆಲ ಗಟ್ಟಿ ಇರಬಹುದು, ನೀರು ಕಡಿಮೆ ಬಿದ್ದಿರಬಹುದು. ಆದರೆ ಬೀದಿದೀಪದ ಇಂಥ ಕರಾಮತ್ತು ಮೊದಲೂ ಕಂಡದ್ದೇ. 1936ರಲ್ಲಿ ನ್ಯೂಯಾರ್ಕಿನ ಒಬ್ಬ ಸಸ್ಯವಿಜ್ಞಾನಿ ಬರೆದಿದ್ದರು: ಬೀದಿದೀಪದ ಪಕ್ಕದ ಕೆಲವು ಜಾತಿಯ ಮರಗಳಲ್ಲಿ ದೀಪದ ಕಡೆಯ ಕೊಂಬೆಗಳು ಚಳಿಗಾಲ ಬಂದರೂ ಎಲೆ ಉದುರಿಸದೆ ಹಿಡಿದುಕೊಂಡಿದ್ದವು, ಕತ್ತಲ ಕಡೆಯವು ಉದುರಿಸಿಬಿಟ್ಟಿದ್ದವು ಎಂದು. ಒಂದೇ ಮರಕ್ಕೆ ಎರಡು ಪಂಚಾಂಗ!

ನೀವೇ ಪರೀಕ್ಷೆ ಮಾಡಿ ನೋಡಬಹುದು ಮಕ್ಕಳೇ. ಅಜ್ಜಿ ಕಟ್ಟಿಟ್ಟ ಹಳೆಯ ಸೊಗಡವರೆ ಬೀಜ ಬೇಕು. ಅಂಗಡಿಯ ಹೊಸ ತಳಿ ಆಗದು. ಎರಡು ಕುಂಡ, ಒಂದೇ ಮಣ್ಣು, ಒಂದೇ ಅಳತೆಯ ನೀರು, ಹಗಲಿಡೀ ಎರಡಕ್ಕೂ ಒಂದೇ ಬಿಸಿಲು. ರಾತ್ರಿ ಮಾತ್ರ ಒಂದನ್ನು ಉರಿಯುವ ಬಲ್ಬಿನ ಕೆಳಗಿಡಿ, ಇನ್ನೊಂದನ್ನು ಬೆಳಕು ತಾಗದ ಮೂಲೆಯಲ್ಲಿಡಿ. ಯಾವ ದಿನ ಯಾವುದರಲ್ಲಿ ಮೊದಲ ಮೊಗ್ಗು ಬಂತೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ತಿಂಗಳಾದರೂ ತಾಳ್ಮೆ ಬೇಕು. ನಡುವೆ ಪರೀಕ್ಷೆ ಬಂದರೆ ಕುಂಡ ಸಾಗಿಸುವ ಕೆಲಸವನ್ನು ತಾತನಿಗೆ ವಹಿಸಿ.

ಆ ಮನೆಯಲ್ಲಿ ಕೊನೆಗೆ ಏನಾಯಿತು ಎಂದು ಕೇಳುತ್ತೀರಾ? ಹುಡುಗನ ಆಸೆಯೂ ಸಣ್ಣದಲ್ಲವಲ್ಲ. ಬೆಳಕು ಬೇಡವೆಂದು ಹೇಳಲು ಯಾರಿಗೂ ಮನಸ್ಸಿರಲಿಲ್ಲ. ಅಜ್ಜಿಗಂತೂ ಇರಲೇ ಇಲ್ಲ. ನೆಲ್ಲಿ ಮರದಲ್ಲಿ ರಾತ್ರಿ ಕೂರುವ ಗುಬ್ಬಿಗಳಿವೆ ಎಂದು ಅಜ್ಜಿಯೇ ನೆನಪಿಸಿದರು. ಹಾಗಾಗಿ ಸೀರಿಯಲ್ ಸೆಟ್ ಮರಕ್ಕೇರಲಿಲ್ಲ, ಬಳ್ಳಿಯ ಮೇಲೂ ಬೀಳಲಿಲ್ಲ. ಜಗಲಿಯ ಕಂಬಗಳಿಗೆ, ಹೆಬ್ಬಾಗಿಲಿನ ಚೌಕಟ್ಟಿಗೆ ಸುತ್ತಿದೆವು. ತುಳಸಿಕಟ್ಟೆಯಿಂದ ಹಿತ್ತಲ ಬಾಗಿಲವರೆಗೆ ಹಾದಿಯ ಎರಡೂ ಬದಿಗೆ ನೆಲ್ಲಿಕಾಯಿಯ ದೀಪ ಇಟ್ಟೆವು. ಇಪ್ಪತ್ತನಾಲ್ಕು ಕಾಯಿ ಕೊರೆಯುವಷ್ಟರಲ್ಲಿ ನನ್ನ ಹೆಬ್ಬೆರಳು ಕಪ್ಪಾಯಿತು. ಬೀದಿಯ ಮಕ್ಕಳು ಬಂದರು, ಸಾಲಾಗಿ ನಡೆದರು, ಎರಡು ದೀಪ ಒದ್ದು ಉರುಳಿಸಿದರು, ಮತ್ತೆ ಹಚ್ಚಿದೆವು.

ತುಪ್ಪ ಮುಗಿದಂತೆ ಒಂದೊಂದೇ ಆರಿದವು. ಎಂಟೂವರೆಗೆ ಹುಡುಗ ಯಾರೂ ಹೇಳದೆ ಹೋಗಿ ಜಗಲಿಯ ಸ್ವಿಚ್ ಒತ್ತಿದ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಹಿಡಿಯಿತು. ಆಮೇಲೆ ಸಾವನದುರ್ಗದ ದಿಕ್ಕಿಗೆ ನಕ್ಷತ್ರ ಕಾಣಿಸಿದವು, ಚಪ್ಪರದ ಕಡೆಯಿಂದ ಅವರೆ ಹೂವಿನ ವಾಸನೆ ಬಂತು. ಹುಡುಗ ಪಿಸುಗುಟ್ಟಿದ: “ಅಜ್ಜಿ, ಈಗ ಮಲಗ್ತಾ?”

“ನೀನು ಸುಮ್ಕಿದ್ರೆ ಮಲಗ್ತದೆ,” ಎಂದರು ಅಜ್ಜಿ.